ರಕ್ತ ತೆಗೆಯಲು ಕಲಿಯುವ ಮುನ್ನ ಒಂದು ಲೆಕ್ಕ

ತಂಗಿಯ ಮಗಳು ಪಿಯುಸಿ ಮುಗಿಸಿ ಫ್ಲೆಬಾಟಮಿ ಕಲಿಯುತ್ತೇನೆ ಎಂದಾಗ ನಾನು ಎಫ್‌ಡಿ ಮುರಿಸಿದೆ. ಅವಳು ನೋಡಿಕೊಂಡು ಬಂದಿದ್ದು ಆರು ತಿಂಗಳ ಕೋರ್ಸು, ಶುಲ್ಕ 60,000 ರೂಪಾಯಿ. ನಾನು ಸೇರಿಸಿದ್ದು ಎರಡು ವರ್ಷದ ಲ್ಯಾಬ್ ತಂತ್ರಜ್ಞಾನ ಡಿಪ್ಲೊಮಾಕ್ಕೆ, ಅಂದರೆ ಡಿಎಂಎಲ್‌ಟಿಗೆ. ಹಾಸ್ಟೆಲ್ಲು, ಓಡಾಟ ಸೇರಿ ಅದರ ಎರಡೂವರೆ ಪಟ್ಟು ಖರ್ಚಾಯಿತು. ಅವಧಿಗೆ ಮೊದಲೇ ಮುರಿಸಿದ್ದಕ್ಕೆ ಬ್ಯಾಂಕು ಬಡ್ಡಿಯಲ್ಲಿ ಕಡಿತ ಮಾಡಿತು. ದುಬಾರಿ ನಿರ್ಧಾರ, ನಿಜ. ಇಂದಿಗೂ ಅದನ್ನೇ ಮಾಡುತ್ತೇನೆ.

ಅವಳು ಕರೆದುಕೊಂಡು ಹೋದ ಸಂಸ್ಥೆಯಲ್ಲಿ ಶುಲ್ಕದ ಕೌಂಟರಿನ ಪಕ್ಕದಲ್ಲೇ ಫೈನಾನ್ಸ್ ಕಂಪನಿಯ ಹುಡುಗ ಕೂತಿದ್ದ. "ಇಎಂಐ 5,600 ಅಷ್ಟೇ ದೊಡ್ಡಮ್ಮ, ಕೆಲಸ ಸಿಕ್ಕ ಮೇಲೆ ನಾನೇ ಕಟ್ಟಿಕೊಳ್ತೀನಿ" ಎಂದಳು. ಶೇ 12 ಫ್ಲಾಟ್, 12 ಕಂತು. ಕೇಳಲು ಹಗುರ. ನಾನು ಅಲ್ಲೇ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ.

ಮೊದಲ ತಿಂಗಳು ನಮ್ಮ ಮೇಲಿರುವ ಅಸಲು 60,000. ತಿಂಗಳಿಗೆ 5,000ದಂತೆ ಅದು ಕರಗುತ್ತದೆ, ಕೊನೆಯ ತಿಂಗಳಿಗೆ ಉಳಿಯುವುದು 5,000. ಎರಡನ್ನೂ ಕೂಡಿ ಅರ್ಧ ಮಾಡಿದರೆ ವರ್ಷವಿಡೀ ಸರಾಸರಿ ನಮ್ಮ ಕೈಯಲ್ಲಿದ್ದ ಸಾಲ 32,500. ಬಡ್ಡಿಯನ್ನು ಮಾತ್ರ ಪೂರ್ತಿ 60,000ಕ್ಕೆ ಹಾಕಿದ್ದಾರೆ, 7,200. ಅಂದರೆ ನಿಜವಾದ ದರ ಶೇ 22ರ ಹತ್ತಿರ. ಪ್ರೊಸೆಸಿಂಗ್ ಶುಲ್ಕ 2,000, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 2,360. ಅದನ್ನೂ ಸೇರಿಸಿದರೆ ಸಾಲದ ಬೆಲೆ 9,560 ರೂಪಾಯಿ, ಶೇ 29ರ ಮೇಲೆ. ಚಿನ್ನವನ್ನು ಬ್ಯಾಂಕಿನಲ್ಲಿ ಅಡವಿಟ್ಟರೂ ಇದಕ್ಕಿಂತ ಅಗ್ಗ. ಕಂತು ಮರುತಿಂಗಳಿಂದಲೇ ಶುರು, ಕೋರ್ಸು ಆರು ತಿಂಗಳು. ಹಾಗಾಗಿ ಮೊದಲ 33,600 ರೂಪಾಯಿಯನ್ನು ಸಂಬಳವಿಲ್ಲದ ಹುಡುಗಿಯ ಹೆಸರಿನಲ್ಲಿ ಅವಳ ಅಪ್ಪನೇ ಕಟ್ಟಬೇಕು.

ಇಂಥ ಸಾಲದ ಮೇಲೆ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಸಂಸ್ಥೆಗೆ ಶುಲ್ಕ ಮೊದಲ ದಿನವೇ ಸೇರಿಬಿಡುತ್ತದೆ. ಪಾಠ ನಡೆಯದಿದ್ದರೂ, ಮಗು ನಡುವೆ ಬಿಟ್ಟು ಬಂದರೂ, "ಗ್ಯಾರಂಟಿ ಕೆಲಸ" ಬಾರದಿದ್ದರೂ ಕಂತು ನಿಲ್ಲುವುದಿಲ್ಲ. ತಪ್ಪಿಸಿದರೆ ಸಿಬಿಲ್ ಸ್ಕೋರ್ ಕೆಡುತ್ತದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಎನ್‌ಬಿಎಫ್‌ಸಿಗಳು ಇಂಥ ಸಾಲಕ್ಕೆ ಎಪಿಆರ್ (ಶುಲ್ಕವೂ ಸೇರಿದ ನಿಜವಾದ ವಾರ್ಷಿಕ ದರ) ನಮೂದಿಸಿದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಅದನ್ನು ಕೇಳಿ ಪಡೆಯಿರಿ, ಮನೆಗೆ ತಂದು ಓದಿ. ಕೌಂಟರಿನ ಮುಂದೆ ನಿಂತು ಸಹಿ ಹಾಕುವ ಅಭ್ಯಾಸ ನಮ್ಮ ಮನೆಗಳಿಂದ ಹೋಗಬೇಕು.

ಇನ್ನು ಕೋರ್ಸಿನ ಮಾತು. ಸಹವರ್ತಿ ಆರೋಗ್ಯ ವೃತ್ತಿಗಳಿಗೆಂದೇ 2021ರಲ್ಲಿ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ. ಅದರ ಪ್ರಕಾರ ಈ ವೃತ್ತಿಪರರ ಡಿಪ್ಲೊಮಾ, ಪದವಿಗೆ ಕನಿಷ್ಠ 2,000 ಗಂಟೆಗಳ ಓದು ಬೇಕು, ಅದೂ ಎರಡರಿಂದ ನಾಲ್ಕು ವರ್ಷಗಳಲ್ಲಿ. ದಿನಕ್ಕೆ ಎಂಟು ಗಂಟೆಯಂತೆ 150 ದಿನ ಕಲಿತರೂ 1,200 ಗಂಟೆ ಆಗುತ್ತದೆ. ಆರು ತಿಂಗಳ ಸರ್ಟಿಫಿಕೇಟು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಜೊತೆಗೆ, ತಾಲ್ಲೂಕಿನ ಸಣ್ಣ ಲ್ಯಾಬುಗಳಲ್ಲಿ ರಕ್ತ ತೆಗೆಯುವವರೇ ಮೆಷಿನ್ ಓಡಿಸಬೇಕು, ರಿಪೋರ್ಟನ್ನೂ ಟೈಪ್ ಮಾಡಬೇಕು. ಸೂಜಿ ಹಾಕುವುದೊಂದನ್ನೇ ಬಲ್ಲವರಿಗೆ ಉಳಿಯುವುದು ದೊಡ್ಡ ಊರಿನ ಕಲೆಕ್ಷನ್ ಸೆಂಟರು, ಇಲ್ಲವೇ ಬೆಳಗಿನ ಜಾವದಿಂದ ಮನೆಮನೆಗೆ ಬೈಕಿನಲ್ಲಿ ಓಡುವ ಹೋಮ್ ಕಲೆಕ್ಷನ್. ಆ ಪೆಟ್ರೋಲು ಯಾರ ಜೇಬಿನದು ಎಂಬುದನ್ನೂ ಕೇಳಿಕೊಳ್ಳಬೇಕು.

ಕೆಲಸ ಸಣ್ಣದು ಎಂದು ನಾನು ಹೇಳುತ್ತಿಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಸ್ವಲ್ಪ ಕೆಂಪು ಟ್ಯೂಬಿಗೆ ಸೇರಿದರೂ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಅದಕ್ಕೇ ಕೆಂಪು ಮೊದಲು, ನೇರಳೆ ಆಮೇಲೆ. ಟೂರ್ನಿಕೆಟ್ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿರಬಾರದು. ನರ ಸಿಗದ ಮುದುಕಿಯ ಕೈ, ಚೀರುವ ಕೂಸಿನ ಕೈ, ಇವೆಲ್ಲ ರಬ್ಬರಿನ ಕೈಯ ಮೇಲೆ ಬರುವ ವಿದ್ಯೆಯಲ್ಲ. ನಮ್ಮ ಹುಡುಗಿಗೆ ಎರಡನೇ ವರ್ಷ ದಿನವೂ ಆಸ್ಪತ್ರೆಯ ವಾರ್ಡ್ ಇತ್ತು. ನಾನು ಕೊಟ್ಟ ದುಡ್ಡಿನ ಬೆಲೆ ಬಂದಿದ್ದು ಅಲ್ಲಿ.

ಎಫ್‌ಡಿ ಇಲ್ಲದವರಿಗೆ ಬ್ಯಾಂಕಿನ ಕೌಶಲ ಸಾಲವಿದೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಸೀಟು ಸಿಕ್ಕರೆ ಶುಲ್ಕವೇ ಇಲ್ಲ. ಕಡಿಮೆ ಅವಧಿಯದೇ ಬೇಕೆಂದಿದ್ದರೆ ಮೊದಲು ಅಲ್ಲಿ ವಿಚಾರಿಸಿ.

ಎಲ್ಲಿಗೇ ಸೇರಿಸಿ, ಶುಲ್ಕ ಕಟ್ಟುವ ಮುನ್ನ ನೇರವಾಗಿ ಕೇಳಿ: ಯಾವ ಆಸ್ಪತ್ರೆಯಲ್ಲಿ ತರಬೇತಿ, ಎಷ್ಟು ರೋಗಿಗಳ ಕೈಗೆ ಸೂಜಿ ಹಾಕಿಸುತ್ತೀರಿ, ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಕೊಡಿಸುವವರು ಯಾರು, ನಡುವೆ ಬಿಟ್ಟರೆ ಶುಲ್ಕ ಎಷ್ಟು ವಾಪಸ್? ಉತ್ತರವನ್ನು ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಲು ಒಪ್ಪದ ಕಡೆ ಮಕ್ಕಳನ್ನು ಸೇರಿಸಬೇಡಿ.