ಮಳೆಯನ್ನು ಮನೆಯೊಳಗೆ ಕರೆದ ರೋಮನ್ನರು

ಮಳೆನೀರು ಹೊರಗೆ ಹೋಗಲಿ ಅಂತ ನಾವು ಮಾಡಿಗೆ ಸ್ಲೋಪ್ ಕೊಡ್ತೀವಿ. ಕ್ರಿ.ಶ. 79ರಲ್ಲಿ ವೆಸುವಿಯಸ್ ಬೂದಿಯಲ್ಲಿ ಹೂತುಹೋದ ಪಾಂಪೆಯ ಮನೆಗಳಲ್ಲಿ ಇದು ಉಲ್ಟಾ. ಏಟ್ರಿಯಂ ಎಂಬ ನಡುಹಜಾರದ ಹೆಂಚಿನ ಮಾಡು ನಾಲ್ಕೂ ಕಡೆಯಿಂದ ಒಳಕ್ಕೆ ಇಳಿಯುತ್ತೆ, ಮಧ್ಯೆ ಆಕಾಶ ಕಾಣುತ್ತೆ. ನಮ್ಮ ತೊಟ್ಟಿ ಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ.

ಅದರ ಕೆಳಗೆ ಇಂಪ್ಲೂವಿಯಂ ಎಂಬ ಆಳವಿಲ್ಲದ ತೊಟ್ಟಿ. ಅದರಿಂದ ಎರಡು ದಾರಿ: ಒಂದು ನೆಲದಡಿಯ ಟ್ಯಾಂಕಿಗೆ, ಇನ್ನೊಂದು ಹೆಚ್ಚಾದ ನೀರು ಬೀದಿಗೆ ಹೋಗೋಕೆ. ಟ್ಯಾಂಕಿನ ಬಾಯಿಗೆ ಕಲ್ಲಿನ ಕಟ್ಟೆ. ಕೆಲವು ಕಟ್ಟೆಗಳಲ್ಲಿ ಹಗ್ಗ ಉಜ್ಜಿದ ಗೀರು ಇವತ್ತಿಗೂ ಇದೆ.

ಯಾಕಿಷ್ಟು ಕಷ್ಟ? ಊರು ಇದ್ದದ್ದು ಲಾವಾ ಬಂಡೆಯ ಮೇಲೆ, ಅಂತರ್ಜಲ ತುಂಬಾ ಆಳದಲ್ಲಿತ್ತು. ಅಗಸ್ಟಸ್ ಕಾಲದಲ್ಲಿ ಮೇಲ್ಗಾಲುವೆಯ ನೀರು ಬಂದಮೇಲೂ ಎಷ್ಟೋ ಮನೆಗಳು ಟ್ಯಾಂಕ್ ಬಿಡಲಿಲ್ಲ.

ಲೆಕ್ಕ ಹಾಕಿ ನೋಡಿ: 100 ಚದರ ಮೀಟರ್ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಅಂದ್ರೆ 1000 ಲೀಟರ್. ನಮ್ಮ ಹಾಸ್ಟೆಲ್ ಟೆರೇಸ್ ಇದಕ್ಕಿಂತ ಎಷ್ಟೋ ದೊಡ್ಡದು. ಅಲ್ಲಿ ಬಿದ್ದ ಮಳೆ ಸೀದಾ ಚರಂಡಿಗೆ ಹೋಗುತ್ತೆ, ಬೇಸಿಗೆಯಲ್ಲಿ ಗೇಟಿಗೆ ಟ್ಯಾಂಕರ್ ಬರುತ್ತೆ. ನೀರು ಯಾವ ಕಡೆ ಹೋಗಬೇಕು ಅನ್ನೋದು ಡ್ರಾಯಿಂಗಲ್ಲೇ ತೀರ್ಮಾನ ಆಗುತ್ತೆ. ಇನ್ನೆರಡು ವರ್ಷಕ್ಕೆ ಆ ಡ್ರಾಯಿಂಗ್ ಮಾಡೋರು ನಾವೇ.