ಕತ್ತಲೆಯ ಲೆಕ್ಕ

ಎಡಕುಮೇರಿ ಸ್ಟೇಷನ್ನಿನ ಮೇಲಿನ ಗುಡ್ಡ ದಾಟಿದರೆ ನಮ್ಮ ಕಾಫಿ ತೋಟ. ಅಪ್ಪ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ‘ಎರಡು ಇಂಚು ನಲವತ್ತು ಸೆಂಟು’ ಎಂದು ಡೈರಿಯಲ್ಲಿ ಬರೆಯುತ್ತಿದ್ದರು. ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಫೋಟಾನುಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಎಣಿಸುತ್ತೇನೆ. ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟು.

1. ಮೊದಲು ಕತ್ತಲೆಯನ್ನು ಎಣಿಸಿ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಹಳಿಯಲ್ಲಿ 57 ಸುರಂಗಗಳಿವೆ. ಉದ್ದದ ಸುರಂಗದೊಳಗೆ ಇಲ್ಲದ ಕಿಡಿಗಳನ್ನೂ ಕಣ್ಣು ಕಾಣುತ್ತದೆ. ಫೋಟಾನು ಎಣಿಸುವ ಡಿಟೆಕ್ಟರಿನ ಕಥೆಯೂ ಅದೇ. ಮುಚ್ಚಳ ಹಾಕಿಟ್ಟರೂ ಸೆಕೆಂಡಿಗೆ ನೂರಾರು ಸಲ ‘ಕ್ಲಿಕ್’ ಎನ್ನಬಲ್ಲದು. ಬೆಳಕಿಲ್ಲದಾಗಿನ ಲೆಕ್ಕವನ್ನೂ ಬರೆದಿಡಿ: ಅಪ್ಪ ಮಳೆ ಬಾರದ ದಿನವೂ ಡೈರಿಯಲ್ಲಿ ಸೊನ್ನೆ ಬರೆಯುತ್ತಿದ್ದರು.

2. ಒಂದೇ ಫೋಟಾನನ್ನು ನೋಡಿ ಸ್ಥಿತಿ ಹೇಳಲಾಗದು, ಅಳೆದ ಕೂಡಲೇ ಅದರ ಕಥೆ ಮುಗಿಯಿತು. ಒಂದೇ ಬಗೆಯಲ್ಲಿ ತಯಾರಾದ ಸಾವಿರಾರು ಫೋಟಾನುಗಳನ್ನು ಬೇರೆ ಬೇರೆ ಕೋನಗಳಲ್ಲಿ ಅಳೆದು ಚಿತ್ರ ಕಟ್ಟಬೇಕು. ಧ್ರುವೀಕರಣಕ್ಕೆ, ಅಂದರೆ ಬೆಳಕಿನ ಅಲೆ ಕಂಪಿಸುವ ಬಗೆಗೆ, ನಾಲ್ಕು ಬಗೆಯ ಅಳತೆ ಸಾಕು, ಹೆಣೆದುಕೊಂಡ (ಎಂಟ್ಯಾಂಗಲ್ಡ್) ಜೋಡಿಗೆ 16. ಹೀಗೆ ಚಿತ್ರ ಕಟ್ಟುವುದೇ ಟೊಮೊಗ್ರಫಿ, ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನ ನೆಂಟ.

3. ಸಾಫ್ಟ್‌ವೇರಿನ ಉತ್ತರಕ್ಕೆ ಮುಂಚೆ ಕಚ್ಚಾ ಉತ್ತರ ನೋಡಿ. ಇದನ್ನು ಕಲಿಯಲು ನನಗೆ ಮೂರು ವಾರ ಹಿಡಿಯಿತು. ಜೋಡಿಯ ಒಂದು ಕಡೆಯ ಕ್ವಾರ್ಟರ್ ವೇವ್ ಪ್ಲೇಟನ್ನು ಹಿಂದುಮುಂದಾಗಿ ಕೂರಿಸಿದ್ದೆ. ಅಳತೆಯಲ್ಲಿ ಬೆಳಕಿನ ಎಡಸುತ್ತು ಧ್ರುವೀಕರಣ ಬಲಸುತ್ತಾಯಿತು, ಬಲಸುತ್ತು ಎಡಸುತ್ತಾಯಿತು. ಆ ಅದಲುಬದಲು ಸುಮ್ಮನೆ ಹೋಗುವುದಲ್ಲ. ನೇರ ಲೆಕ್ಕ ಹಾಕಿದರೆ ಒಂದು ಸಂಭವನೀಯತೆ ಮೈನಸ್ ಅರ್ಧದ ಹತ್ತಿರ ಬರುತ್ತದೆ, ಅಂದರೆ ಜಗತ್ತಿನಲ್ಲಿ ಇರಲಾರದ ಸ್ಥಿತಿ. ಆದರೆ ನಮ್ಮ ಪ್ರೋಗ್ರಾಮು ಅದಕ್ಕೆ ತೀರಾ ಹತ್ತಿರದ, ಇರಬಲ್ಲ ಸ್ಥಿತಿಯನ್ನು ಹುಡುಕಿ ಅಂದವಾಗಿ ಕೊಡುತ್ತಿತ್ತು. ಹೆಣಿಗೆ ಯಾಕೆ ಕಾಣುತ್ತಿಲ್ಲವೆಂದು ನಾನು ಜೋಡಿ ಫೋಟಾನು ಹುಟ್ಟಿಸುವ ಸ್ಫಟಿಕವನ್ನು ಬೈದುಕೊಂಡು ಕೂತಿದ್ದೆ! ಇಂಥ ತಪ್ಪು ಹಿಡಿಯಲು ನೆರವಾಗುವುದು ಒಂದು ಗೋಳದ ಚಿತ್ರ. ಭೌತವಿಜ್ಞಾನಿ ಪಂಚರತ್ನಂ ಅವರು 1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದುಕೊಂಡು ಧ್ರುವೀಕರಣವನ್ನು ಒಂದು ಗೋಳದ ಮೇಲಿನ ದಾರಿಯಾಗಿ ನೋಡಿದವರು. ಈಗ ನಾನು ಆ ಗೋಳವನ್ನು ಬೋರ್ಡಿನ ಮೇಲೆ ಬಿಡಿಸಿ, ಗೊತ್ತಿರುವ ಆರು ಸ್ಥಿತಿಗಳನ್ನು ಒಂದೊಂದಾಗಿ ಕಳಿಸಿ, ಬಿಂದು ಗೋಳದ ಮೇಲೆ ಸರಿಯಾದ ಜಾಗಕ್ಕೆ ಹೋಯಿತೇ ಎಂದು ನೋಡದೆ ಅಳತೆಗೆ ಕೈ ಹಾಕುವುದಿಲ್ಲ.

4. ಬೆಳಕಿನ ಸೋರಿಕೆಯನ್ನು ಮುಚ್ಚಿಡಬೇಡಿ. ಮರದಡಿ ಇಟ್ಟ ಮಾಪಕದಲ್ಲಿ ಎಲೆ ತಡೆದ ಮಳೆ ಸಿಗದು; ಅದಕ್ಕೇ ಅಪ್ಪ ಅದನ್ನು ಕಾಫಿ ಒಣಹಾಕುವ ಬಯಲು ಕಣದ ನಡುವೆ ನೆಟ್ಟಿದ್ದರು. ಬೆಳಕನ್ನು ಲೇಸರಿನೊಂದಿಗೆ ಬೆರೆಸಿ ಅಳೆಯುವ ಹೋಮೊಡೈನ್ ಅಳತೆಯಲ್ಲಿ ಸೋರಿಕೆಯ ಪೆಟ್ಟು ಜೋರು. ಒಂಟಿ ಫೋಟಾನಿನ ಸ್ಥಿತಿಯನ್ನು ತೋರಿಸುವ ವಿಗ್ನರ್ ನಕ್ಷೆಯ ನಡುವೆ ಸೊನ್ನೆಗಿಂತ ಕೆಳಗಿನ ಒಂದು ಕುಳಿ ಇರುತ್ತದೆ, ಅದೇ ಕ್ವಾಂಟಂ ಗುರುತು. ಅರ್ಧಕ್ಕಿಂತ ಹೆಚ್ಚು ಬೆಳಕು ದಾರಿಯಲ್ಲಿ ಕಳೆದುಹೋದರೆ ಆ ಕುಳಿ ಸೊನ್ನೆಯಿಂದ ಮೇಲೇಳುತ್ತದೆ, ಗುರುತೂ ಹೋಯಿತು. ಹಾಗಾಗಿ ಲೆನ್ಸ್ ಒರೆಸುವುದೂ ಭೌತಶಾಸ್ತ್ರವೇ.

5. ಮಂದ ಬೆಳಕನ್ನೆಲ್ಲ ಒಂಟಿ ಫೋಟಾನು ಎನ್ನಬೇಡಿ. ಕಿರಣವನ್ನು ಎರಡಾಗಿ ಸೀಳಿ, ಎರಡೂ ಕಡೆ ಒಟ್ಟಿಗೆ ಕ್ಲಿಕ್ ಆಗುತ್ತದೆಯೇ ನೋಡಿ. ಒಟ್ಟಿಗಾದ ಕ್ಲಿಕ್ಕುಗಳನ್ನು ಆಕಸ್ಮಿಕವಾಗಿ ಆಗಬಹುದಾದವುಗಳಿಗೆ ಹೋಲಿಸಿದರೆ ಸಿಗುವ ಅಂಕ, ನಿಜವಾದ ಒಂಟಿ ಫೋಟಾನಿಗೆ ಅರ್ಧಕ್ಕಿಂತ ಕೆಳಗಿರಬೇಕು. ಲೇಸರಿನದು ಎಷ್ಟೇ ಮಂದ ಮಾಡಿದರೂ ಒಂದರಿಂದ ಅಲುಗುವುದಿಲ್ಲ.