ಹಿರಿಯರ ಬಾಳು, ಕಿರಿಯರ ಶೋಧ

ಅಥಣಿ ತಾಲ್ಲೂಕಿನ ತೆಲಸಂಗದ ಸುತ್ತಮುತ್ತ ಜೋಳದ ಹೊಲಗಳೂ ದ್ರಾಕ್ಷಿಯ ತೋಟಗಳೂ ಇವೆ. ಹೊತ್ತು ಇಳಿದ ಮೇಲೆ ಇಂಥ ಊರುಗಳ ಗುಡಿಯ ಕಟ್ಟೆಗೆ ಹಿರಿಯರು ಬಂದು ಕೂಡುತ್ತಾರೆ. ಅವರಲ್ಲಿ ಒಬ್ಬರು ಎಪ್ಪತ್ತೈದು ದಾಟಿದರೂ ದಿನವೂ ಹೊಲಕ್ಕೆ ಹೋಗಿ ಬರುತ್ತಾರೆ. ಬಾಲ್ಯದಲ್ಲಿ ಕಂಡ ಬರಗಾಲವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸುತ್ತಾರೆ. ಅವರ ಓರಗೆಯ ಮತ್ತೊಬ್ಬರು ಕೋಲಿಲ್ಲದೆ ನಡೆಯಲಾರರು. ಮೊಮ್ಮಗನ ಹೆಸರು ಕೂಡ ಅವರಿಗೆ ಒಮ್ಮೊಮ್ಮೆ ನೆನಪಾಗದು. ಇಬ್ಬರೂ ಒಂದೇ ಊರಿನ ನೀರು ಕುಡಿದವರು, ಒಂದೇ ನೆಲದ ಜೋಳದ ರೊಟ್ಟಿ ಉಂಡವರು. ಹೀಗಿದ್ದೂ ಮುಪ್ಪು ಇಬ್ಬರಿಗೂ ಒಂದೇ ಬಗೆಯಲ್ಲಿ ಬರಲಿಲ್ಲವೇಕೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ಶಾಸ್ತ್ರವೇ ವೃದ್ಧಾಪ್ಯ ವಿಜ್ಞಾನ. ಮನುಷ್ಯನನ್ನು ಅಮರನನ್ನಾಗಿ ಮಾಡುವುದು ಇದರ ಗುರಿಯಲ್ಲ. ಬದುಕಿರುವಷ್ಟು ಕಾಲ ಕೈಕಾಲುಗಳಲ್ಲಿ ಕಸುವು, ಬುದ್ಧಿಯಲ್ಲಿ ಬೆಳಕು ಉಳಿಯುವಂತೆ ಮಾಡುವುದೇ ಇದರ ಉದ್ದೇಶ. ಈ ಶಾಸ್ತ್ರದ ಅಗತ್ಯವು ದಿನದಿನಕ್ಕೆ ಹೆಚ್ಚುತ್ತಿದೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನವರ ಸಂಖ್ಯೆ 10 ಕೋಟಿಗಿಂತ ಹೆಚ್ಚಾಗಿದ್ದಿತು. 2050ರ ಹೊತ್ತಿಗೆ ದೇಶದಲ್ಲಿ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗಿರುವರೆಂದು ತಜ್ಞರು ಅಂದಾಜು ಮಾಡಿದ್ದಾರೆ. ಇಂದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವವರು ಆಗ ನಡುವಯಸ್ಸನ್ನು ತಲುಪಿರುತ್ತಾರೆ.

ಮುಪ್ಪನ್ನು ಅಭ್ಯಾಸ ಮಾಡುವುದು ಸುಲಭದ ಮಾತಲ್ಲ. ಪ್ರಯೋಗಶಾಲೆಯ ಇಲಿಯ ಆಯುಷ್ಯ ಎರಡು ಮೂರು ವರ್ಷ. ಅದರ ಹುಟ್ಟು, ಬೆಳವಣಿಗೆ, ಮುಪ್ಪುಗಳನ್ನು ವಿಜ್ಞಾನಿಯೊಬ್ಬನು ಅನೇಕ ಸಲ ಕಾಣಬಲ್ಲನು. ಆದರೆ ಮನುಷ್ಯನ ಆಯುಷ್ಯವೂ ಅವನನ್ನು ಅಭ್ಯಾಸ ಮಾಡುವ ವಿಜ್ಞಾನಿಯ ಆಯುಷ್ಯವೂ ಒಂದೇ. ನಲವತ್ತರ ವಯಸ್ಸಿನಲ್ಲಿ ಕೆಲಸ ಆರಂಭಿಸಿದ ವಿಜ್ಞಾನಿಯು, ತಾನು ಪರೀಕ್ಷಿಸಿದ ಜನರಿಗೆ ಮುಪ್ಪು ಬರುವ ವೇಳೆಗೆ ತಾನೂ ಮುದುಕನಾಗಿರುತ್ತಾನೆ. ಆದ್ದರಿಂದ ಈ ಕೆಲಸವನ್ನು ಒಂದು ತಲೆಮಾರು ಮತ್ತೊಂದು ತಲೆಮಾರಿಗೆ ಒಪ್ಪಿಸಲೇಬೇಕು. ಬೇರೆ ಶಾಸ್ತ್ರಗಳಲ್ಲಿ ಶಿಷ್ಯರನ್ನು ಬೆಳೆಸುವುದು ಒಳ್ಳೆಯ ಕೆಲಸ. ಈ ಶಾಸ್ತ್ರದಲ್ಲಿ ಅದು ಶೋಧನೆಯದೇ ಒಂದು ಭಾಗ.

ಅಮೆರಿಕದ ಬಾಲ್ಟಿಮೋರ್ ನಗರದ ಅಧ್ಯಯನವು ಇದಕ್ಕೆ ಒಳ್ಳೆಯ ನಿದರ್ಶನ. 1958ರಲ್ಲಿ ಆರಂಭವಾದ ಈ ಅಧ್ಯಯನದಲ್ಲಿ ಆರೋಗ್ಯವಂತರನ್ನು ಮತ್ತೆ ಮತ್ತೆ ಕರೆಸಿ ಪರೀಕ್ಷಿಸಿ, ವಯಸ್ಸಾದಂತೆ ಅವರ ದೇಹದಲ್ಲಿ ಆಗುವ ಬದಲಾವಣೆಗಳನ್ನು ಬರೆದಿಡಲಾಯಿತು. ಅದನ್ನು ಕಟ್ಟಿ ಬೆಳೆಸಿದ ನೇಥನ್ ಶಾಕ್ ಅವರು 1989ರಲ್ಲಿ ತೀರಿಕೊಂಡರು. ಕೆಲಸ ಮಾತ್ರ ನಿಲ್ಲಲಿಲ್ಲ. ಮೊದಲ ಇಪ್ಪತ್ತು ವರ್ಷ ಅಲ್ಲಿ ಗಂಡಸರನ್ನು ಮಾತ್ರವೇ ಪರೀಕ್ಷಿಸುತ್ತಿದ್ದರು. 1978ರಲ್ಲಿ ಹೆಂಗಸರನ್ನೂ ಸೇರಿಸಿಕೊಳ್ಳಲಾಯಿತು. ದೀರ್ಘಕಾಲದ ಕೆಲಸದಲ್ಲಿ ಕೊರತೆಗಳೂ ದೀರ್ಘಕಾಲ ಉಳಿದುಬಿಡಬಹುದು. ಹೊಸ ಕಣ್ಣುಗಳು ಬಂದಾಗಲೇ ಅವು ತಿದ್ದಿಕೊಳ್ಳುತ್ತವೆ.

ಇಂಥ ಒಂದು ಅಧ್ಯಯನವು ಕನ್ನಡ ನಾಡಿನಲ್ಲಿಯೂ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಇದನ್ನು ಆರಂಭಿಸಿತು. ನಲವತ್ತೈದು ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನ 10,000 ಗ್ರಾಮಸ್ಥರನ್ನು ಸೇರಿಸಿಕೊಂಡು, ಅವರ ನೆನಪಿನ ಶಕ್ತಿ, ರಕ್ತ, ಹೃದಯ, ಮಿದುಳುಗಳನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತ ಹೋಗುವುದು ಅದರ ಗುರಿ. ಕೆಲವರನ್ನು ಮರೆವಿನ ರೋಗ ಏಕೆ ಹಿಡಿಯುತ್ತದೆ, ಕೆಲವರನ್ನು ಏಕೆ ಬಿಡುತ್ತದೆ ಎಂಬುದನ್ನು ಅದರಿಂದ ತಿಳಿಯುವ ಆಸೆಯಿದೆ.

ಈ ಕೆಲಸಕ್ಕೆ ಯಂತ್ರಗಳಷ್ಟೇ ಸಾಲವು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ಮುಂದೆ ಅಕ್ಷರದ ಪರೀಕ್ಷೆಯನ್ನಿಟ್ಟು, ಆಕೆಗೆ ಬುದ್ಧಿ ಮಂಕಾಗಿದೆ ಎಂದರೆ ಅದು ವಿಜ್ಞಾನವಾಗದು. ಪೇಟೆಯವರಿಗೆ ಪರಿಚಿತವಾದ ವಸ್ತುವಿನ ಚಿತ್ರ ಹಳ್ಳಿಯವರಿಗೆ ಅಪರಿಚಿತವಾಗಿರಬಹುದು. ಆ ಅಜ್ಜಿಯ ಮಾತು, ಅಡುಗೆಮನೆ, ಹೊಲಗೆಲಸ, ಹಬ್ಬಗಳನ್ನು ಬಲ್ಲವನೇ ಆಕೆಗೆ ತಕ್ಕ ಪ್ರಶ್ನೆಯನ್ನು ಕೇಳಬಲ್ಲನು. ಹಳ್ಳಿಯಲ್ಲಿ ಹುಟ್ಟಿ, ಅಜ್ಜ ಅಜ್ಜಿಯರ ಮಗ್ಗುಲಲ್ಲಿ ಬೆಳೆದ ವಿದ್ಯಾರ್ಥಿಯು ವಿಜ್ಞಾನಿಯಾಗುವುದು ಈ ಕಾರಣದಿಂದಲೇ ಅಗತ್ಯವಾಗಿದೆ.

ಮಿದುಳು ಸಂಶೋಧನ ಕೇಂದ್ರದ ಸ್ಥಾಪಕ ನಿರ್ದೇಶಕಿ ವಿಜಯಲಕ್ಷ್ಮಿ ರವೀಂದ್ರನಾಥ್. ಮೈಸೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿ ಪಡೆದ ಅವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದರು. ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರವನ್ನು ಕಟ್ಟಿದರು. ಅನಂತರ ಬೆಂಗಳೂರಿಗೆ ಮರಳಿದರು. ತಮ್ಮ ಪ್ರಯೋಗಗಳನ್ನಷ್ಟೇ ನೋಡಿಕೊಂಡಿದ್ದರೆ ಅವರ ಹೆಸರಿನಲ್ಲಿ ಇನ್ನಷ್ಟು ಲೇಖನಗಳಿರುತ್ತಿದ್ದವೇನೋ. ಆದರೆ ನೂರಾರು ಕಿರಿಯರು ಕಲಿತು ಕೆಲಸ ಮಾಡಬಲ್ಲ ಮನೆಗಳನ್ನು ಕಟ್ಟುವುದಕ್ಕೆ ಅವರು ತಮ್ಮ ಕಾಲವನ್ನು ವ್ಯಯಿಸಿದರು.

ಕಿರಿಯರನ್ನು ಗುರುತಿಸುವುದೂ ಒಂದು ವಿದ್ಯೆ. ಅಮೆರಿಕದ ಕಾರೊಲ್ ಗ್ರೈಡರ್ ಎಂಬಾಕೆಗೆ ಬಾಲ್ಯದಲ್ಲಿ ಓದುವುದೂ ಕಾಗುಣಿತವೂ ಬಹು ಕಷ್ಟವಾಗಿದ್ದವು. ಉನ್ನತ ವ್ಯಾಸಂಗದ ಪ್ರವೇಶ ಪರೀಕ್ಷೆಯಲ್ಲಿ ಅಂಕಗಳು ಕಡಿಮೆ ಬಂದುದರಿಂದ ಅನೇಕ ವಿಶ್ವವಿದ್ಯಾನಿಲಯಗಳು ಆಕೆಯನ್ನು ನಿರಾಕರಿಸಿದವು. ಬರ್ಕ್ಲಿಯಲ್ಲಿ ಪ್ರವೇಶ ದೊರೆಯಿತು. ಅಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರು ಆಕೆಯನ್ನು ತಮ್ಮ ಪ್ರಯೋಗಶಾಲೆಗೆ ಸೇರಿಸಿಕೊಂಡರು. ಜೀವಕೋಶದ ವರ್ಣತಂತುಗಳ ತುದಿಯಲ್ಲಿ, ಬೂಟಿನ ದಾರದ ತುದಿಗೆ ಹಾಕಿದ ಕಟ್ಟಿನಂತೆ, ಟೆಲೊಮಿಯರ್ ಎಂಬ ರಕ್ಷಣೆಯಿದೆ. ದೇಹದ ಹೆಚ್ಚಿನ ಜೀವಕೋಶಗಳಲ್ಲಿ, ಕೋಶವು ಒಡೆದು ಎರಡಾದಾಗಲೆಲ್ಲ ಅದು ಸವೆಯುತ್ತದೆ. ಮುಪ್ಪಿನ ಹಲವು ಕಾರಣಗಳಲ್ಲಿ ಇದೂ ಒಂದು. ಆ ತುದಿಯನ್ನು ಮತ್ತೆ ಬೆಳೆಸಬಲ್ಲ ಕಿಣ್ವವೊಂದು ಇರಬೇಕೆಂದು ಗುರುವೂ ಶಿಷ್ಯೆಯೂ ಹುಡುಕತೊಡಗಿದರು. 1984ರ ಡಿಸೆಂಬರ್ 25ರಂದು, ಎಲ್ಲರೂ ಹಬ್ಬದ ಸಂಭ್ರಮದಲ್ಲಿದ್ದಾಗ, ಪ್ರಯೋಗಶಾಲೆಗೆ ಬಂದ ಗ್ರೈಡರ್‌ಗೆ ಅದರ ಮೊದಲ ಗುರುತು ಕಂಡಿತು. ಆಗ ಆಕೆಗೆ 23 ವರ್ಷ. 2009ರಲ್ಲಿ ಅವರಿಬ್ಬರಿಗೂ, ಅದೇ ವಿಷಯದಲ್ಲಿ ದುಡಿದ ಜ್ಯಾಕ್ ಶೋಸ್ಟಾಕ್ ಅವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಅಂಕಪಟ್ಟಿಯನ್ನಷ್ಟೇ ನೋಡಿ ಎಲ್ಲರೂ ಬಾಗಿಲು ಮುಚ್ಚಿದ್ದರೆ ಈ ಶೋಧ ಆ ದಿನ ಆಗುತ್ತಿರಲಿಲ್ಲ.

ಎಳೆಯ ವಿಜ್ಞಾನಿಗೆ ಬೇಕಾದುದು ಮೂರು: ಜೀವನಕ್ಕೆ ಆಧಾರ, ದಾರಿ ತೋರುವ ಗುರು, ಫಲಕ್ಕಾಗಿ ಕಾಯುವ ತಾಳ್ಮೆಯುಳ್ಳ ಸಮಾಜ. ಮೊದಲನೆಯದಕ್ಕಾಗಿ ಭಾರತ ಸರ್ಕಾರವು 2008ರಲ್ಲಿ ಇನ್‌ಸ್ಪೈರ್ ಯೋಜನೆಯನ್ನು ಆರಂಭಿಸಿ, ಶಾಲೆಯ ಮಕ್ಕಳಿಂದ ಹಿಡಿದು ಸಂಶೋಧಕರವರೆಗೆ ನೆರವು ನೀಡುವ ಏರ್ಪಾಟು ಮಾಡಿತು. ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ, ಪದವಿಪೂರ್ವ ಶಿಕ್ಷಣ ಮುಗಿಸಿದವರಿಗಾಗಿಯೇ ವಿಜ್ಞಾನ ಪದವಿಯ ತರಗತಿಗಳನ್ನು ತೆರೆಯಿತು. ಗುರುಗಳನ್ನು ಸಂಸ್ಥೆಗಳು ಒದಗಿಸಬಲ್ಲವು. ತಾಳ್ಮೆಯನ್ನು ಮಾತ್ರ ಸಮಾಜವೇ ಕೊಡಬೇಕು. ಇಪ್ಪತ್ತು ವರ್ಷಗಳ ಅನಂತರ ಉತ್ತರ ದೊರೆಯಬಹುದಾದ ಪ್ರಶ್ನೆಯನ್ನು ಕೈಗೆತ್ತಿಕೊಂಡ ತರುಣನನ್ನು ಮೂರೇ ವರ್ಷಗಳಲ್ಲಿ ‘ಏನು ಸಾಧಿಸಿದೆ?’ ಎಂದು ಕೇಳಿದರೆ ಅವನು ಸುಲಭದ ಕೆಲಸವನ್ನು ಹುಡುಕಿಕೊಂಡು ಹೋದಾನು.

ಮಾವಿನ ಓಟೆಯನ್ನು ನೆಡುವ ಅಜ್ಜನು ಹಣ್ಣು ತನಗೇ ಸಿಗಲೆಂದು ನೆಡುವುದಿಲ್ಲ. ಮೊಮ್ಮಕ್ಕಳು ತಿನ್ನಲಿ ಎಂದು ನೆಡುತ್ತಾನೆ. ಇಂದು ಕಟ್ಟೆಯ ಮೇಲೆ ಕುಳಿತಿರುವ ಹಿರಿಯರು ಹಿಂದೆ ಹಾಗೆ ನೆಟ್ಟವರೇ. ಅವರ ನಡೆಯೇಕೆ ತಡವರಿಸಿತು, ನೆನಪೇಕೆ ಮಾಸಿತು ಎಂದು ಅಕ್ಕರೆಯಿಂದ ಕೇಳುವ ಮೊಮ್ಮಗ, ಮೊಮ್ಮಗಳು ತೆಲಸಂಗದಂಥ ಊರುಗಳಲ್ಲಿಯೇ ಇದ್ದಾರೆ. ಆ ಪ್ರಶ್ನೆ ಬಾಡದಂತೆ ನೀರೆರೆಯುವುದು ಮನೆಯ, ಶಾಲೆಯ, ನಾಡಿನ ಹೊಣೆ.

ಅಭ್ಯಾಸ

1. ವೃದ್ಧಾಪ್ಯ ವಿಜ್ಞಾನದ ಉದ್ದೇಶವೇನು?
2. ಈ ಶಾಸ್ತ್ರದಲ್ಲಿ ಶಿಷ್ಯರನ್ನು ಬೆಳೆಸುವುದು ಶೋಧನೆಯದೇ ಒಂದು ಭಾಗವೆನ್ನಲು ಕಾರಣವೇನು?
3. ಶ್ರೀನಿವಾಸಪುರದ ಅಧ್ಯಯನದಲ್ಲಿ ಏನನ್ನು ಪರೀಕ್ಷಿಸಲಾಗುತ್ತದೆ?
4. ಕಾರೊಲ್ ಗ್ರೈಡರ್ ಅವರ ಜೀವನದಿಂದ ಯಾವ ಪಾಠವನ್ನು ಕಲಿಯಬಹುದು?
5. ನಿಮ್ಮ ಮನೆಯ ಅಥವಾ ನೆರೆಯ ಹಿರಿಯರೊಬ್ಬರೊಡನೆ ಮಾತನಾಡಿ, ವಯಸ್ಸಾದಂತೆ ಅವರು ತಮ್ಮಲ್ಲಿ ಕಂಡ ಬದಲಾವಣೆಗಳನ್ನು ಬರೆಯಿರಿ.